ಬ್ಯಾರನ್ ಮನೆಯಲ್ಲಿ ಗೇನ್ ಇಳಿಸಿದ ದಿನ

ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳು ವರ್ಷದ ಹೆಚ್ಚು ಕಾಲ ಖಾಲಿ ಇರುತ್ತವೆ. ನಮ್ಮದರಲ್ಲಿ ನಾನು ಗಿಟಾರ್ ನುಡಿಸುತ್ತಿದ್ದೆ. ಮೈಸೂರಿನ ಒಂದು ಹೆವಿ ಮೆಟಲ್ ತಂಡದವರು, ರಿದಮ್ ಗಿಟಾರಿಗೆ ಒಬ್ಬರು ಬೇಕು, ಒಂದು ನಿಮಿಷದ ಧ್ವನಿಮುದ್ರಣ ಕಳುಹಿಸಿ, ನಾದ ಬಿಗಿಯಾಗಿರಲಿ ಎಂದಿದ್ದರು. ಆ ವರ್ಷ ನಾನು ಬಯಸಿದ್ದು ಅದೊಂದನ್ನೇ.

ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗ ನಾನು. ಯಾವುದನ್ನೂ ಕ್ರಮ ತಪ್ಪಿ ಮಾಡಲು ಅಂಜುತ್ತಿದ್ದೆ. ಆದ್ದರಿಂದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿತಂತೆ, ಗಿಟಾರಿನ ಸದ್ದು ಹಿಗ್ಗಿಸುವ ಆಂಪಿನ ಒಂದೊಂದೇ ಗುಂಡಿ ತಿರುಗಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ: ನಾದಕ್ಕೆ ಮೊರೆತ ಕೊಡುವ ಗೇನ್ ಎಂಟು, ತಗ್ಗುದನಿಯ ಬಾಸ್ ಎಂಟು, ನಡುದನಿಯ ಮಿಡ್ ಎರಡು. ಬ್ಯಾರನ್ನಿನ ನೆಲದುದ್ದಕ್ಕೂ ಬಿಸಿ ಹರಿಸುವ ತಗಡಿನ ಕೊಳವೆಗಳಿದ್ದವು. ದಪ್ಪ ತಂತಿಗೆ ಹೊಡೆದಾಗ ಅವು ನಡುಗಿದರೆ ನಾದ ಸರಿಯಾಯಿತೆಂದು ತಿಳಿದಿದ್ದೆ. ಮೂರು ತಿಂಗಳು ಆ ಕೊಳವೆಗಳನ್ನೇ ಮೆಚ್ಚಿಸಿದೆ.

ಸೊಪ್ಪು ತುಂಬುವ ಹಿಂದಿನ ದಿನ ಮಧ್ಯಾಹ್ನ, ಮದುವೆ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ನುಡಿಸುವ ಗೆಳೆಯನನ್ನು ಡ್ರಮ್ಸ್ ಸಮೇತ ಕರೆಸಿದೆ. ಎರಡು ಸುತ್ತು ನುಡಿಸಿ ಅವನು ಕೋಲು ಕೆಳಗಿಟ್ಟ.

"ಏನ್ಲಾ ಇದು, ಜೇನ್ಗೂಡ್ಗೆ ಕಲ್ಲೊಡ್ದಂಗದೆ. ನನ್ ಡ್ರಮ್ಮೇ ನಂಗೆ ಕೇಳ್ತಿಲ್ಲ."

"ಮೆಟಲ್ ಅಂದ್ರೆ ಅಂಗೇ ಕಣ್ಲಾ," ಎಂದೆ.

"ಮೆಟಲ್ಲೂ ಇಲ್ಲ, ಮಣ್ಣೂ ಇಲ್ಲ. ಗುಂಯ್ ಅಂತಿರೋದು ನಿಮ್ಮಪ್ಪನ ಪೈಪು. ಮೊದ್ಲು ಅದ್ನ ಮುಚ್ಚು, ಆಮೇಲೆ ಗೇನ್ ಇಳ್ಸು."

ಕೊಳವೆಗಳ ಮೇಲೆ ಗೋಣಿಚೀಲ ಹೊದಿಸಿದೆವು. ಗೇನನ್ನು ನಾಲ್ಕಕ್ಕೂ ಬಾಸನ್ನು ಮೂರಕ್ಕೂ ಇಳಿಸಿ, ಮಿಡ್ಡನ್ನು ಆರಕ್ಕೆ ಏರಿಸಿದೆ. ಅಂಗೈಯ ಅಂಚನ್ನು ತಂತಿಗಳ ಬುಡಕ್ಕೆ ಒತ್ತಿ ನುಡಿಸಿದೆ. ಪ್ರತಿ ಪೆಟ್ಟೂ ಕೊಡಲಿಯೇಟಿನಂತೆ ಬಿದ್ದು ಅಲ್ಲಿಯೇ ನಿಂತಿತು. ನಾನು ಹುಡುಕುತ್ತಿದ್ದ ನಾದ ಅದೇ ಆಗಿತ್ತು.

ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿದೆವು. ಮೊರೆತದ ಮರೆಯಿಲ್ಲದೆ ನನ್ನ ಬಲಗೈ ಮೊದಲ ಬಾರಿಗೆ ಸ್ಪಷ್ಟವಾಗಿ ಕೇಳಿಸಿತು: ಒಂದು ಪೆಟ್ಟು ತಾಳಕ್ಕಿಂತ ಮುಂದೆ, ಇನ್ನೊಂದು ಹಿಂದೆ. ಮೂರು ತಿಂಗಳು ಗುಂಡಿಗಳನ್ನು ತಿದ್ದಿದ್ದೆ, ಕೈಯನ್ನು ತಿದ್ದಿರಲಿಲ್ಲ. ಮತ್ತೆ ಹನ್ನೊಂದು ಬಾರಿ ನುಡಿಸಿದೆ. ಎಚ್ಚರ ಹೆಚ್ಚಿದಷ್ಟೂ ಕೈ ಸೆಟೆದು ಇನ್ನಷ್ಟು ತಪ್ಪಿತು.

"ಓಗ್ಲಿ ಬುಡು, ಗೇನ್ ಏರ್ಸಿ ಕಳ್ಸು. ಗೊತ್ತಾಗಲ್ಲ," ಎಂದ ಗೆಳೆಯ.

"ಗೊತ್ತಾಯ್ತದೆ," ಎಂದೆ. ನನಗೇ ಗೊತ್ತಾಗಿತ್ತಲ್ಲ.

ಅಷ್ಟರಲ್ಲಿ ಅಪ್ಪ ಬಾಗಿಲಿಗೆ ಬಂದರು. "ಆಯ್ತೇನಪ್ಪಾ? ಚೀಲ ಒಂದೂ ಬುಡ್ದಂಗೆ ತಗೀರಿ. ಬೆಳಿಗ್ಗೆ ಸೊಪ್ಪು ತುಂಬ್ತೀವಿ. ಬೆಂಕಿ ಆಕ್ದಾಗ ಪೈಪ್ ಮ್ಯಾಲೆ ಚೀಲ ಇದ್ರೆ ಬ್ಯಾರನ್ನೇ ಉರ್ದೋಯ್ತದೆ."

ಚೀಲಗಳನ್ನು ಎಣಿಸಿ ತೆಗೆದೆವು. ಹನ್ನೆರಡು ಬಾರಿ ನುಡಿಸಿದ್ದರಲ್ಲಿ ಕಡಿಮೆ ತಪ್ಪಿದ್ದ ಧ್ವನಿಮುದ್ರಣವನ್ನು ಆ ಸಂಜೆಯೇ ಕಳುಹಿಸಿದೆ. ಸಂದೇಶದ ಪಕ್ಕ, ನೋಡಿದರೆಂಬ ನೀಲಿ ಗುರುತು ಮೂಡಿತು, ಉತ್ತರ ಬರಲಿಲ್ಲ. ಮರುದಿನ ಬ್ಯಾರನ್ನಿಗೆ ಬೆಂಕಿ ಹಾಕಿದರು.

ನೋಟ್‌ಬುಕ್ ಇನ್ನೂ ನನ್ನಲ್ಲಿದೆ. ಅದರ ಕೊನೆಯ ಪುಟದಲ್ಲಿ ಆ ದಿನ ಬರೆದ ಅಂಕಿಗಳಲ್ಲಿ, ಗೇನ್ ನಾಲ್ಕು, ಬಾಸ್ ಮೂರು, ಮಿಡ್ ಆರು, ಯಾವ ತಪ್ಪೂ ಇಲ್ಲ.