ಸುಮ್ಮನಿರುವ ಕೇಬಲ್ಲು, ಸುಮ್ಮನಿರದ ಜಾಲಿಯಕ್ಕ

ಆಸ್ಪತ್ರೆಯ ಕಾರಿಡಾರಿನಲ್ಲಿ ಒರೆಸಿದ ನೆಲ ಇನ್ನೂ ಆರಿಲ್ಲ. ರಾತ್ರಿ ಪಾಳಿಯವರು ಆಕಳಿಸುತ್ತಿದ್ದಾರೆ, ಬೆಳಗಿನ ಪಾಳಿಯವರು ದಾರಿಯಲ್ಲಿದ್ದಾರೆ. ನೆಲಮಹಡಿಯ ಮೂಲೆಯ ತಣ್ಣನೆಯ ಕೋಣೆಯಲ್ಲಿ, ಬೀರುವಿನಷ್ಟು ಎತ್ತರದ ರ‍್ಯಾಕಿನ ಮುಂದೆ, ಸ್ವೆಟರ್ ತೊಟ್ಟ ಹೆಂಗಸೊಬ್ಬರು ಹಳದಿ ಕೇಬಲ್ಲೊಂದನ್ನು ಹಿಡಿದು ನಿಂತಿದ್ದಾರೆ. ಪಕ್ಕದ ಸ್ಟೂಲಿನ ಮೇಲೆ ಫೋನು. ಬಾಗಿಲಲ್ಲಿ ಕೈಕಟ್ಟಿಕೊಂಡ ಆಡಳಿತಾಧಿಕಾರಿ. ವಾರ್ಡಿನ ಕಂಪ್ಯೂಟರುಗಳೆಲ್ಲ ಹಿಂದಿನ ಕಟ್ಟಡದ ಸರ್ವರಿನ ಜೊತೆ ಮಾತಾಡುವುದು ಈ ಕೇಬಲ್ ಮೂಲಕ. ಅದನ್ನೇ ಅವರು ಈಗ ಕೀಳಲಿದ್ದಾರೆ. ಬೇಕೆಂದೇ.

“ತಿಂಗಳಿಗೊಂದು ಸಲ ನನಗೆ ನಾನೇ ಪರೀಕ್ಷೆ ಇಟ್ಕೋತೀನಿ. ಕಿತ್ತ ಮೇಲೂ ಫೋನ್ ಬರದಿದ್ರೆ ಪಾಸು.”

ಆಸ್ಪತ್ರೆಗೆ ಇವರು ಜಾಲಿಯಕ್ಕ. ಕಂಪ್ಯೂಟರುಗಳ ಜಾಲದ ನಕ್ಷೆ ಹಾಕಿ, ಹೆಣೆದು, ಕಾಯುವವರಾದ್ದರಿಂದ ಜಾಲಿ. ಜಾಲಿಯಾಗಿರುತ್ತಾರೆ ಅಂತಲ್ಲ, ಕೇಳದೆ ಕೇಬಲ್ ಮುಟ್ಟಿದವರಿಗೆ ಅದು ಜಾಲಿಮುಳ್ಳೇ. ಫೋನ್ ಮಾಡುವವರ ದನಿಗಳೆಲ್ಲ ಅವರ ಗಂಟಲಲ್ಲಿವೆ. ಮೂಗಿನಿಂದ ಮಾತಾಡುವ ಔಷಧಿ ಕೌಂಟರಿನವರು: “ಅಕ್ಕಾ, ನೆಟ್ ನೆಟ್ಟಗಿಲ್ಲಾ.” ಕೆಮ್ಮಿಯೇ ಶುರುಮಾಡುವ ಮೂಳೆ ಡಾಕ್ಟರು: “ಹ್ಹಂ... ಎಕ್ಸ್‌ರೇ ಇನ್ನೂ ಬಂದಿಲ್ಲ. ಕಾಲು ಮುರಿದಿರೋದು ಪೇಷಂಟಿಂದೋ, ನಿಮ್ಮ ನೆಟ್‌ವರ್ಕಿಂದೋ?”

“ನೆಟ್ ನೆಟ್ಟಗಿದೆ ಅಂತ ಹೇಳೋಕೆ ಯಾರೂ ಫೋನ್ ಮಾಡಲ್ಲ. ಮಾಡಿದ್ರೆ ನನಗೇ ಭಯ, ಎಲ್ಲೋ ಏನೋ ಕೆಟ್ಟಿದೆ ಅಂತ,” ಎಂದು ನಗುತ್ತಾರೆ.

ಮನೆಯಲ್ಲಿ ಅತ್ತೆಯ ದೂರು ಬೇರೆ. “ಸೊಸೆ ಏನ್ ಮಾಡ್ತಾಳೆ ಅಂತ ಪಕ್ಕದ ಮನೆಯವಳು ಕೇಳಿದ್ಲು. ಬಲೆ ಹೆಣೀತಾಳೆ ಅಂದೆ. ಮೀನು ಹೇಗೆ ಕೊಡ್ತೀರಿ ಅಂದ್ಲು. ಸಂಜೆ ಬಂದಾಗ, ಏನಾಯ್ತಮ್ಮ ಇವತ್ತು ಅಂತ ಕೇಳ್ತೀನಿ. ದಿನಾ ಒಂದೇ ಉತ್ತರ, ಏನೂ ಆಗಲಿಲ್ಲ ಅತ್ತೆ. ಏನೂ ಆಗದೇ ಇರೋದಕ್ಕೆ ಕೋಳಿ ಕೂಗೋ ಮುಂಚೆ ಓಡಬೇಕಾ?”

ಆಗಿದ್ದೂ ಉಂಟು. ಎರಡು ಕಟ್ಟಡಗಳ ನಡುವೆ ಒಂದೇ ಕೇಬಲ್ ಇದ್ದ ಕಾಲ. ಅಂಗಳ ಅಗೆಯಲು ಬಂದ ಯಂತ್ರ ಒಂದೇ ಗುದ್ದಿಗೆ ಅದನ್ನು ತುಂಡರಿಸಿತು. ರಕ್ತಪರೀಕ್ಷೆಯ ಚೀಟಿ ಹಿಡಿದು ಆಯಾಗಳು ಮೆಟ್ಟಿಲು ಹತ್ತಿ ಇಳಿದರು. ಕೈಗವಸು ತೊಟ್ಟ ಸರ್ಜನ್ ಕೈ ಮೇಲೆತ್ತಿಕೊಂಡೇ, ಚೀಟಿಗಾಗಿ ಬಾಗಿಲು ನೋಡುತ್ತ ನಿಂತರು. “ಆ ಎತ್ತಿದ ಕೈ ಇನ್ನೂ ಕಣ್ಣಲ್ಲಿದೆ,” ಎನ್ನುತ್ತಾರೆ ಜಾಲಿಯಕ್ಕ. ಅದಾದ ಮೇಲೆ ಅವರು ಎರಡನೇ ಕೇಬಲ್ ಎಳೆಸಿದರು. ಬೇರೆ ಗೋಡೆ, ಬೇರೆ ಅಂಗಳ, ಮೇಲ್ಮಹಡಿಯ ಇನ್ನೊಂದು ತುದಿಯಲ್ಲಿ ಬೇರೆಯದೇ ಪುಟ್ಟ ಕೋಣೆ.

ಆದರೆ ಎರಡೂ ಒಟ್ಟಿಗೆ ಬಾಯಿ ತೆರೆಯುವಂತಿಲ್ಲ. ಯಾಕೆಂದರೆ, ಲೆಕ್ಕಪತ್ರ ವಿಭಾಗದ ಗುಮಾಸ್ತರೊಬ್ಬರು ಒಮ್ಮೆ ಮೇಜಿನಡಿ ಜೋತಾಡುತ್ತಿದ್ದ ವೈರಿನ ತುದಿಯನ್ನು, ಅಚ್ಚುಕಟ್ಟಾಗಿರಲಿ ಎಂದು, ಪಕ್ಕದ ಖಾಲಿ ಸಾಕೆಟ್ಟಿಗೆ ಸಿಕ್ಕಿಸಿದರು. ಇನ್ನೊಂದು ತುದಿ ಆಗಲೇ ಅದೇ ಗೋಡೆಯಲ್ಲಿತ್ತು. ಹೋದ ಸಂದೇಶ ಸುತ್ತಿ ವಾಪಸ್ಸು ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಆ ಗದ್ದಲದಲ್ಲಿ ಇಡೀ ಮಹಡಿ ಗರಬಡಿದು ಕೂತಿತು. “ಗಾಳಿಮಾತು ಊರು ಸುತ್ತಿ ಹುಟ್ಟಿಸಿದವನ ಕಿವಿಗೇ ಬಿದ್ದು, ಅವನೂ ನಂಬಿ ಮತ್ತೆ ಹೇಳಿದ ಹಾಗೆ. ಅದಕ್ಕೇ ಎರಡು ದಾರಿ ಇದ್ರೆ ಒಂದು ಬಾಯಿ ಮುಚ್ಕೊಂಡಿರಬೇಕು, ಇನ್ನೊಂದು ಬಿದ್ದಾಗ ಮಾತ್ರ ತೆರೀಬೇಕು. ಸುಮ್ಮನಿರೋದೇ ಅದರ ಕೆಲಸ.”

ಆಡಳಿತಾಧಿಕಾರಿಯ ಕಣ್ಣು ಬಿದ್ದಿರುವುದು ಆ ‘ಸುಮ್ಮನೆ’ಯ ಮೇಲೆಯೇ. “ಮೇಲಿನ ಕೋಣೆ ಸುಮ್ಮನೆ ಬಿದ್ದಿದೆಯಲ್ಲ ಮೇಡಂ, ಹೆಚ್ಚಾಗಿರೋ ಮಂಚಗಳನ್ನ ಪೇರಿಸಿಡೋಣ. ಎರಡೂ ಕೇಬಲ್ ಕೆಳಗೇ ತನ್ನಿ.” ತಂದರೆ ಎರಡೂ ಒಂದೇ ಅಂಗಳದಲ್ಲಿ, ಒಂದೇ ಗುದ್ದಿಗೆ. ಬಾಯಿಮಾತು ಸಾಲದೆ ಜಾಲಿಯಕ್ಕ ಅವರನ್ನು ಇಂದಿನ ಪರೀಕ್ಷೆಗೆ ಕರೆದಿದ್ದಾರೆ.

ಟಕ್. ಹಳದಿ ಕೇಬಲ್ ಕೈಗೆ ಬರುತ್ತದೆ. ಇಬ್ಬರೂ ಫೋನ್ ನೋಡುತ್ತಾರೆ. ಫೋನು ಅವರನ್ನು ನೋಡುತ್ತದೆ. ಗಾಜಿನಾಚೆ ನರ್ಸ್ ಟೈಪ್ ಮಾಡುತ್ತಲೇ ಇದ್ದಾರೆ, ಪರದೆಯ ಮೇಲೆ ಯಾರದೋ ಪಕ್ಕೆಲುಬು ಮೂಡುತ್ತದೆ. ಅಧಿಕಾರಿ ಗಡಿಯಾರ ನೋಡಿಕೊಳ್ಳುತ್ತಾರೆ.

“ಏನೂ ಆಗಲಿಲ್ಲವಲ್ಲ ಮೇಡಂ. ಹಾಗಾದ್ರೆ ಆ ಕೋಣೆ ಬೇಡವೇ ಬೇಡ.”

ಜಾಲಿಯಕ್ಕ ಹಳದಿ ಕೇಬಲ್ಲನ್ನು ಸಿಕ್ಕಿಸದೆ ಹಾಗೇ ಇಳಿಬಿಡುತ್ತಾರೆ. ಪಾಸಾಗಿದ್ದಕ್ಕೇ ಫೇಲು.

“ಬನ್ನಿ ಸರ್,” ಎಂದು ಅವರನ್ನು ಮೇಲ್ಮಹಡಿಗೆ ಕರೆದೊಯ್ಯುತ್ತಾರೆ. ಪುಟ್ಟ ಕೋಣೆ, ಕಿಟಕಿಯಿಲ್ಲ. ತಿಂಗಳೆಲ್ಲ ಮಿಣುಕದೆ ಕೂರುವ ಹಸಿರು ದೀಪ ಈಗ ಒಗ್ಗರಣೆಯ ಸಾಸಿವೆಯಂತೆ ಚಟಪಟ ಚಟಪಟ.

“ಕೆಳಗೆ ನೀವು ನೋಡಿದ್ರಲ್ಲ, ‘ಏನೂ ಆಗಲಿಲ್ಲ’ ಅನ್ನೋದು, ಅದು ತಯಾರಾಗ್ತಿರೋದು ಇಲ್ಲಿ.” ಕೇಬಲ್ಲಿನ ಮೇಲೆ ಬೆರಳಿಡುತ್ತಾರೆ. “ಇದನ್ನೂ ಎಳೀಲಾ ಸರ್? ನೀವು ಹೂಂ ಅಂದ್ರೆ ಆಯ್ತು.”

“ಎಳೆದ್ರೆ?”

“ಫೋನ್ ಬರುತ್ತೆ. ಈ ಸಲ ನಿಮಗೆ.”

ಅಧಿಕಾರಿ ದೀಪವನ್ನೇ ನೋಡುತ್ತಾರೆ. ಹೊರಗೆ ಆಪರೇಷನ್ ಥಿಯೇಟರಿನತ್ತ ಸ್ಟ್ರೆಚರ್ ಉರುಳುವ ಸದ್ದು.

“ಬೇಡ ಬೇಡ. ಸುಮ್ಮನಿರಿ.”

“ಆಯ್ತು ಸರ್. ನಾನೂ ಸುಮ್ಮನಿರ್ತೀನಿ, ಇದೂ ಇಲ್ಲೇ ಸುಮ್ಮನಿರುತ್ತೆ.”

ಅಧಿಕಾರಿಗೆ ನಗು ತಡೆಯಲಾಗುವುದಿಲ್ಲ. ಮಂಚಗಳಿಗೆ ಮೆಟ್ಟಿಲ ಕೆಳಗಿನ ಜಾಗ ನೋಡುತ್ತೇನೆಂದು ಇಳಿದುಹೋಗುತ್ತಾರೆ. ಜಾಲಿಯಕ್ಕ ಕೆಳಗೆ ಬಂದು ಹಳದಿ ಕೇಬಲ್ಲನ್ನು ಮತ್ತೆ ಸಿಕ್ಕಿಸುತ್ತಾರೆ. ಮೇಲಿನ ದೀಪ ತನ್ನ ಮೌನಕ್ಕೆ ಮರಳುತ್ತದೆ.

ಅಷ್ಟರಲ್ಲಿ ಸ್ಟೂಲಿನ ಮೇಲಿನ ಫೋನು ಗುರ್ರೆನ್ನುತ್ತದೆ. ಅವರು ಬೆಚ್ಚಿ ಎತ್ತಿಕೊಳ್ಳುತ್ತಾರೆ. ಆ ಕಡೆ ಅತ್ತೆ.

“ಆ ಕೋಣೆ ಹೋಗುತ್ತೆ ಅಂತ ರಾತ್ರಿಯೆಲ್ಲ ಹೊರಳಾಡಿದೆಯಲ್ಲ. ಏನಾಯ್ತಮ್ಮ?”

“ಏನೂ ಆಗಲಿಲ್ಲ ಅತ್ತೆ,” ಎನ್ನುತ್ತಾರೆ ಜಾಲಿಯಕ್ಕ. ಸ್ವೆಟರಿನ ತೋಳು ಮಡಚುತ್ತ, ಮೆಲ್ಲಗೆ ಸೇರಿಸುತ್ತಾರೆ: “ತುಂಬಾ ಚೆನ್ನಾಗಿ ಏನೂ ಆಗಲಿಲ್ಲ.”