ಮಡುವಿನ ತಳದ ಮೂಟೆಗಳು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹಾಸನದಲ್ಲಿ ಮೀನುಗಾರಿಕೆ ಇನ್‌ಸ್ಪೆಕ್ಟರ್ ಆಗಿದ್ದೆ. ಕರಾವಳಿಯ ತರಬೇತಿಯಲ್ಲಿ ಸ್ಕೂಬಾ ಕಲಿತಿದ್ದೆ. ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಿಯ ಕೊಳವೆಯಿಂದ ಉಸಿರಾಡುತ್ತ ಮುಳುಗುವುದು. ಹಾಸನದಲ್ಲಿ ಈ ವಿದ್ಯೆ ಯಾರಿಗೆ ಬೇಕು ಎಂದು ಮನೆಯವರೇ ನಗುತ್ತಿದ್ದರು.

ಬೇಕಾಯಿತು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ಬಂಡೆಗಳ ನಡುವೆ ಒಂದು ಮಡು. ಅಲ್ಲಿರುವುದು ದೇವರ ಮೀನು. ಬಲೆ, ಗಾಳ ಎರಡೂ ನಿಷಿದ್ಧ. ಆ ಬೇಸಿಗೆ ಹರಿವು ನಿಂತು, ಮೀನುಗಳು ಹೊಟ್ಟೆ ಮೇಲಾಗಿ ತೇಲತೊಡಗಿದವು. ಕೆಳಗಿನ ಹೊಳೆಯಲ್ಲಿ ಬಲೆ ಬೀಸಿ ಬದುಕುತ್ತಿದ್ದ ಸಣ್ಣಯ್ಯನೇ ವಿಷ ಹಾಕಿದನೆಂದು ಊರ ಪಟೇಲರು ಅವನ ಹರಿಗೋಲನ್ನು ಕಿತ್ತು ತಮ್ಮ ಹಟ್ಟಿಯಲ್ಲಿ ಕವುಚಿಸಿದ್ದರು. ನನ್ನ ವರದಿ ಕೈಸೇರಿದೊಡನೆ ಅವನನ್ನು ಹೊಳೆಯಿಂದಲೇ ಓಡಿಸುವುದೆಂದು ತೀರ್ಮಾನ.

ಮುಳುಗುವವನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ದಡದಲ್ಲೊಬ್ಬ ಹಿಡಿದಿರಬೇಕು. ಎರಡು ಸಲ ಜಗ್ಗಿದರೆ ಮೇಲಕ್ಕೆಳೆ ಎಂದರ್ಥ. ಆ ಬಂಡೆಗಳ ಸಂದುಗೊಂದು ಬಲ್ಲವನು ಸಣ್ಣಯ್ಯ ಒಬ್ಬನೇ. ಅವನನ್ನೇ ಕರೆದೆ.

"ಅವ್ನ ಕೈಗೆ ಅಗ್ಗ ಕೊಡ್ತೀರಾ ಸಾ? ಮೀನ್ ಜೊತೆ ನೀವೂ ತೇಲ್ತೀರಿ ಕಣ್ರೀ!" ಎಂದರು ಪಟೇಲರು.

"ಇವ್ರೂ ಮುಳುಗೋದ್ರೆ ನನ್ ಪರ ಮಾತಾಡೋರು ಯಾರವ್ರೆ ಗೌಡ್ರೆ?" ಎಂದ ಸಣ್ಣಯ್ಯ, ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುತ್ತ. "ಬಲಗಡೆ ಬಂಡೆ ತಬ್ಕೊಂಡೇ ಇಳೀರಿ ಸಾ, ಎಡಕ್ಕೆ ಗವಿ ಐತೆ."

ಕೆಳಗೆ ಹಸಿರು ಮಬ್ಬು. ತಳದಲ್ಲಿ, ಎರಡು ಬಂಡೆಗಳ ನಡುವೆ, ಕಲ್ಲು ಕಟ್ಟಿದ ಆರು ಗೋಣಿಮೂಟೆಗಳು. ಮುಟ್ಟಿದರೆ ಲೊಳಲೊಳ, ಗುಳ್ಳೆ ಏಳುತ್ತಿದ್ದವು. ಒಂದರ ಕಲ್ಲಿನ ಕಟ್ಟು ಕತ್ತರಿಸಿ, ಮೂಟೆ ಅವುಚಿಕೊಂಡು ಎರಡು ಸಲ ಜಗ್ಗಿದೆ. ಹಗ್ಗ ಬಂಡೆಯ ಮೂಲೆಗೆ ಸಿಕ್ಕಿ ಬಿಗಿಯಿತು. ಗಾಬರಿಯಾದವನು ಮೇಲಿನಿಂದ ಎಳೆದೇ ಎಳೆದಿದ್ದರೆ ಅದು ತುಂಡಾಗುತ್ತಿತ್ತು. ಸಣ್ಣಯ್ಯ ಸಡಿಲ ಬಿಟ್ಟ, ದಡದಲ್ಲಿ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದ, ಆಮೇಲೆ ಎಳೆದ.

ದಡದಲ್ಲಿ ಮೂಟೆ ಬಿಚ್ಚಿದರೆ ಕೊಳೆತ ಕಡಲೆಕಾಯಿ ಹಿಂಡಿ. ಕೊಳೆಯುವ ಹಿಂಡಿ ನೀರಿನ ಆಕ್ಸಿಜನ್ ಕಬಳಿಸುತ್ತದೆ. ನಿಂತ ನೀರಲ್ಲಿ ಮೀನಿಗೆ ಉಸಿರು ಉಳಿಯುವುದಿಲ್ಲ. ಗೋಣಿಯ ಮೇಲೆ ಪಟೇಲರ ಮನೆಯ ಕೆಂಪು ಗುರುತಿತ್ತು.

ಪಟೇಲರು ಕಲ್ಲಿನ ಮೇಲೆ ಕುಳಿತುಬಿಟ್ಟರು. "ಮಗಳ ಎರಿಗೆ ಸುಸೂತ್ರ ಆಯ್ತು ಅಂತ ಅರಕೆ ತೀರಿಸ್ದೆ ಸಾ. ಪುರಿ ಎಸೆದ್ರೆ ಮ್ಯಾಲಿರೋ ಮರಿಗಳೇ ತಿಂದ್ಬುಡ್ತವೆ. ತಳದಲ್ಲಿರೋ ದೊಡ್ಡವುಕ್ಕೂ ಸಿಗ್ಲಿ ಅಂತ ಕಲ್ಲು ಕಟ್ಟಿ ಬುಟ್ಟೆ."

ಸಣ್ಣಯ್ಯ ಹಗ್ಗ ಸುತ್ತಿಡುತ್ತ, "ಇನ್ನೂ ಐದು ಅವೆ ಗೌಡ್ರೆ. ನನ್ ಅರಿಗೋಲು ತರ್ಸಿ, ಸಾಗ್ಸಕ್ಕೆ ಬೇಕು" ಎಂದ.

ತರಿಸಲಿಲ್ಲ, ಪಟೇಲರು ತಾವೇ ತಲೆಯ ಮೇಲೆ ಹೊತ್ತು ತಂದರು.

ಆಮೇಲೆ ಎಷ್ಟೋ ದೂರುಗಳು ನನ್ನ ಮೇಜಿಗೆ ಬಂದವು. ಹಗ್ಗ ಬಿಗಿದರೆ ಮೊದಲು ಸಡಿಲ ಬಿಡಬೇಕು, ಪಕ್ಕಕ್ಕೆ ಸರಿದು ನೋಡಬೇಕು, ಎಳೆಯುವುದು ಆಮೇಲೆ. ಕಡತ ಬಿಚ್ಚುವಾಗಲೆಲ್ಲ ಸಣ್ಣಯ್ಯನ ಆ ಕೈಯನ್ನು ನೆನೆಯುತ್ತಿದ್ದೆ.