ರುದ್ರಾಣಿ ಕೇಳಿದ ಇನ್ನೊಂದು ಪರೀಕ್ಷೆ

ಕವಲಂದೆಯ ಚಿಕ್ಕಬಸಪ್ಪನವರ ಮಗಳು ರುದ್ರಾಣಿಯನ್ನು ೧೯೯೯ರಲ್ಲಿ ತಿ. ನರಸೀಪುರದ ಬಟ್ಟೆ ಅಂಗಡಿಯ ಮಲ್ಲಿಕಾರ್ಜುನನಿಗೆ ಕೊಟ್ಟರು. ವರ್ಷ ತುಂಬುವ ಮೊದಲೇ ಅವಳಿಗೆ ಕಾಮಾಲೆ ಬಂತು. ಕಣ್ಣು ಅರಿಶಿನವಾಯಿತು, ಅನ್ನ ಕಂಡರೆ ವಾಕರಿಕೆ. ನಾಟಿ ಔಷಧಿಗೆ ಬಗ್ಗದಿದ್ದಾಗ ನಂಜನಗೂಡಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೆಪಟೈಟಿಸ್ ಬಿ ಎಂದರು. ರಕ್ತದಿಂದ, ಗಂಡಹೆಂಡಿರ ಸಂಗದಿಂದ ಹರಡುವ ಸೋಂಕು ಎಂದೂ ಹೇಳಿದರು. ಅತ್ತೆ ದೇವೀರಮ್ಮನಿಗೆ ಅಷ್ಟು ಸಾಕಾಯಿತು.

"ಮದ್ವೆಗೆ ಮುಂಚೆ ಎಲ್ಲೆಲ್ಲಿ ತಿರುಗಿದ್ಲೋ. ಇವ್ಳು ಮುಟ್ಟಿದ್ ನೀರ ಯಾರೂ ಕುಡಿಬ್ಯಾಡಿ" ಎಂದಳು.

ಡಾಕ್ಟರು ಹೇಳಿದ್ದಕ್ಕೆ ಮಲ್ಲಿಕಾರ್ಜುನನೂ ರಕ್ತ ಕೊಟ್ಟ. ಆರೋಗ್ಯವಾಗಿಯೇ ಕಾಣುತ್ತಿದ್ದ ಅವನಲ್ಲೂ ಅದೇ ಸೋಂಕಿತ್ತು.

"ನನ್ ಮಗನ್ಗೂ ಅಂಟಿಸ್ಬುಟ್ಲು" ಎಂದು ದೇವೀರಮ್ಮ ಸೊಸೆಯ ಬಟ್ಟೆಬರೆಯನ್ನು ಜಗಲಿಗೆ ಎಸೆದಳು. ಗಂಡ ಅವನ್ನು ದಾಟಿಕೊಂಡು ಅಂಗಡಿಗೆ ಹೋದ.

ಕರೆದೊಯ್ಯಲು ಬಂದ ಚಿಕ್ಕಬಸಪ್ಪನವರೂ ಬಸ್ಸಿನಲ್ಲಿ ಮೆಲ್ಲಗೆ ಕೇಳಿದರು: "ನಿಜ ಏಳವ್ವ, ಏನಾರ ಆಗಿತ್ತಾ?"

ಅತ್ತೆಯ ಬೈಗುಳಕ್ಕೆ ಅಳದವಳು ಆ ಮಾತಿಗೆ ಅತ್ತಳು. ಆಮೇಲೆ ಸಿಟ್ಟು ಬಂತು.

ಮರುದಿನವೇ ಡಾಕ್ಟರ ಮುಂದೆ ಕೂತಳು. "ಯಾರ್ದು ಮೊದ್ಲು ಅಂತ ಗೊತ್ತಾಗೋ ಪರೀಕ್ಷೆ ಇಲ್ವಾ ಸಾ?"

"ಇದೆಯಮ್ಮ, ಇಬ್ಬರ ರಕ್ತವನ್ನೂ ಮೈಸೂರಿಗೆ ಕಳಿಸಬೇಕು. ಸೋಂಕು ಹೊಸದಾಗಿ ತಗುಲಿದಾಗ ರಕ್ತದಲ್ಲಿ ಒಂದು ಬಗೆಯ ಪ್ರತಿಕಾಯ ಜೋರಾಗಿ ಏಳುತ್ತೆ, ಕೆಲವು ತಿಂಗಳಲ್ಲಿ ಇಳಿದುಹೋಗುತ್ತೆ. ಹಳೇ ಸೋಂಕಿನವರಲ್ಲಿ ಅದು ಸಾಮಾನ್ಯವಾಗಿ ಸಿಗಲ್ಲ."

ಮಲ್ಲಿಕಾರ್ಜುನ ಮತ್ತೆ ರಕ್ತ ಕೊಡಲು ಒಪ್ಪಲಿಲ್ಲ. "ರಕ್ತ ಕೊಡ್ದಿದ್ರೆ ನಿಮ್ಮ ಅಂಗ್ಡಿ ಬಾಗ್ಲಲ್ಲೇ ಬಂದು ಕುಂತ್ಕತೀನಿ" ಎಂದು ಅವಳು ಹೇಳಿಕಳಿಸಿದಳು. ಗಿರಾಕಿಗಳ ಭಯಕ್ಕೆ ಬಂದು ಕೊಟ್ಟ.

ಫಲಿತಾಂಶ ಬಂದ ದಿನ ಡಾಕ್ಟರು ಎರಡೂ ಮನೆಯವರನ್ನು ಕೂರಿಸಿಕೊಂಡರು. "ಇವಳದು ಈಚಿನದು, ಮದುವೆ ಆದಮೇಲೆ ತಗುಲಿದ್ದು. ಮಲ್ಲಿಕಾರ್ಜುನ್‌ದು ಹಳೇದು. ಹುಟ್ಟುವಾಗ ತಾಯಿಂದಲೇ ಬಂದಿದ್ದರೂ ಬಂದಿರಬಹುದು. ಇದರಲ್ಲಿ ಯಾರ ತಪ್ಪೂ ಇಲ್ಲ."

"ಇವ್ರಪ್ಪ ಡಾಕ್ಟ್ರುಗೆ ಏನೋ ಕೊಟ್ಟವ್ನೆ" ಎಂದು ದೇವೀರಮ್ಮ ಎದ್ದು ಹೋದಳು. ಡಾಕ್ಟರು ಕೇಳಿದರೂ ತಾನು ಮಾತ್ರ ರಕ್ತ ಕೊಡಲಿಲ್ಲ.

ದೊಡ್ಡವರಲ್ಲಿ ಬಹಳಷ್ಟು ಮಂದಿಗೆ ಆಗುವಂತೆ, ರುದ್ರಾಣಿಯ ಮೈಯಿಂದ ಸೋಂಕು ತಾನಾಗಿ ಕಳೆಯಿತು. ಅದು ತಿಳಿದ ಮೇಲೆ ಮಲ್ಲಿಕಾರ್ಜುನ ಕವಲಂದೆಗೆ ಬಂದ.

"ಅವ್ವ ಕರ್ಕೊಂಬಾ ಅಂದವ್ರೆ."

"ನನ್ನ ಈಚೆಗೆ ತಳ್ಳುವಾಗ ನೀವೇನಂದ್ರಿ?"

ಅವನು ಮತ್ತೆ "ಅವ್ವ..." ಎಂದು ಶುರುಮಾಡಿದ. "ಓಗಿ" ಎಂದಳು. ವಿಚ್ಛೇದನವಾಯಿತು. ಅವಳು ಊರಲ್ಲೇ ರವಿಕೆ ಹೊಲಿಯತೊಡಗಿದಳು.

ಮುಂದೆ, ಮುಡುಕುತೊರೆಯ ನಾಗಯ್ಯನ ಮಗಳನ್ನು ಮಲ್ಲಿಕಾರ್ಜುನನಿಗೆ ಗೊತ್ತುಮಾಡಿದ್ದಾರೆಂಬ ಸುದ್ದಿ ಬಂತು. ರುದ್ರಾಣಿ ಬಸ್ಸು ಹತ್ತಿ ಆ ಮನೆಗೇ ಹೋದಳು.

"ಮದ್ವೆ ಬ್ಯಾಡ ಅಂತ ಏಳಕ್ಕೆ ಬಂದಿಲ್ಲ. ಅವ್ರ ರಕ್ತದಲ್ಲಿ ಸೋಂಕದೆ. ಮೊದ್ಲು ನಂಜನ್ಗೂಡ್ ಡಾಕ್ಟ್ರತ್ರ ಮಗಳ್ಗೆ ಲಸಿಕೆ ಆಕ್ಸಿ."

"ಬಿಟ್ಟು ಬಂದವ್ಳಿಗೆ ಒಟ್ಟೆಕಿಚ್ಚು ಕಣ್ರೀ" ಎಂದು ನಾಗಯ್ಯ ಅಕ್ಕಪಕ್ಕದವರಿಗೆ ಕೇಳುವಂತೆ ಹೇಳಿ ಬಾಗಿಲು ಹಾಕಿಕೊಂಡ. ಒಳಗೆ ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು.

ಹಲವು ತಿಂಗಳ ನಂತರ ತಂದೆಯನ್ನು ತೋರಿಸಲು ಹೋದಾಗ ಡಾಕ್ಟರು ತಾವಾಗಿಯೇ ಹೇಳಿದರು: "ಆ ಮುಡುಕುತೊರೆ ಹುಡುಗಿ ತಾನೇ ಬಂದು ಲಸಿಕೆ ಪೂರ್ತಿ ಹಾಕಿಸಿಕೊಂಡಳಮ್ಮ. ಆಮೇಲೇ ಮದುವೆಗೆ ಒಪ್ಪಿದ್ದು."

"ಆ ಮುದುಕಿ ದೇವೀರಮ್ಮ ರಕ್ತ ಕೊಟ್ಲಾ?"

"ಇಲ್ಲ."

ರುದ್ರಾಣಿ ತಂದೆಯ ಕೈಹಿಡಿದು ಬಸ್ ಸ್ಟ್ಯಾಂಡಿಗೆ ನಡೆದಳು.